ಏಳನೇ ಕಮಾನಿನ ಮೇಲಿನ ಹಳಿ

ಸೋಮವಾರ, ೧೦ ಫೆಬ್ರವರಿ ೨೦೨೫

ಗಿಡ ಮಾಡುವ ಕೆಲಸ ಕೊಟ್ಟಿದ್ದಾರೆ. ತಂತಿಗೆ ಹಸಿರು ಸ್ಪಂಜು ಅಂಟಿಸಿ ಗಿಡ. ಅದಕ್ಕಾಗಿ ನನ್ನನ್ನು ಆರಿಸಿದರಂತೆ.

ಮಾರ್ಚ್ ಕೊನೆಯ ಪ್ರದರ್ಶನಕ್ಕೆ ನಮ್ಮ ಸಿವಿಲ್ ವಿಭಾಗದವರು ರೈಲು ಸೇತುವೆಯ ಮಾದರಿ ಮಾಡುತ್ತಿದ್ದಾರೆ. ಹನ್ನೆರಡು ಅಡಿ ಉದ್ದದ ಹಲಗೆ, ಅದರ ಮೇಲೆ ಹನ್ನೊಂದು ಕಲ್ಲಿನ ಕಮಾನು, ಕಮಾನುಗಳ ಮೇಲೆ ನಿಜವಾಗಿ ಓಡುವ ಪುಟ್ಟ ರೈಲು. ಫಸ್ಟ್ ಇಯರ್‌ನಿಂದ ಇಬ್ಬರು ಬೇಕು ಎಂದು ನೋಟಿಸ್ ಹಾಕಿದ್ದರು. ನಾನು ಹೆಸರು ಕೊಟ್ಟದ್ದು ಹಳಿಯ ಕೆಲಸಕ್ಕೆ. ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ತಂಡದ ಮುಖ್ಯಸ್ಥ ಅಭಿನಂದನ, ಥರ್ಡ್ ಇಯರ್, ಕಾಗವಾಡದ ಕಡೆಯವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಚೀಟಿಯನ್ನು ಓದಲೇ ಇಲ್ಲ.

"ಹುಡುಗ್ಯಾರ ಕೈ ಡೆಕೋರೇಶನ್‌ಗೆ ಚಲೋ ಇರತೈತಿ. ನೀವಿಬ್ಬರೂ ಗಿಡಾ ಮಾಡ್ರಿ," ಅಂದ.

ಇಬ್ಬರು ಅಂದರೆ ನಾನು ಮತ್ತು ನನ್ನ ರೂಮ್‌ಮೇಟ್ ಮನಿಷಾ. ಅವಳು ಜುಗೂಳದವಳು, ಯಾರಿಗೂ ಹೆದರುವುದಿಲ್ಲ. "ಗಿಡಾ ಏನ್ ಹುಡುಗ್ಯಾರ ಹಚ್ತಾರೇನ್ರಿ ನಿಮ್ಮೂರಾಗ?" ಅಂದಳು. ನಾನು ಏನಂದೆ? "ಹೂಂ, ಅಣ್ಣಾ" ಅಂದೆ. ಹೂಂ. ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಬೆಳಿಗ್ಗೆ ಬಾತ್‌ರೂಮಿನಲ್ಲಿ ಮೂರು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಆರನೇ ಕ್ಲಾಸಿನಿಂದ ಹಾಸ್ಟೆಲ್ ಶಾಲೆ, ಏಳು ವರ್ಷ ಬರೆದದ್ದೆಲ್ಲ ಇಂಗ್ಲಿಷ್. ಆದರೆ ಇಂಗ್ಲಿಷ್‌ನಲ್ಲಿ ಸಿಟ್ಟು ಬರೆದರೆ ಪ್ರಿನ್ಸಿಪಾಲರಿಗೆ ರಜೆ ಅರ್ಜಿ ಬರೆದ ಹಾಗಾಗುತ್ತದೆ. ಆದ್ದರಿಂದ ಈ ವಹಿ ಕನ್ನಡದಲ್ಲಿ.

ಊಟಕ್ಕೆ ಹೋಗಲಿಲ್ಲ.

ಗುರುವಾರ, ೧೩ ಫೆಬ್ರವರಿ

ಇವತ್ತಿನದು ಶುದ್ಧ ಅನ್ಯಾಯ. ದಾಖಲೆಗೆ ಇರಲಿ ಎಂದು ಸರಿಯಾಗಿ ಬರೆಯುತ್ತೇನೆ.

ಕೊಂಡು ತಂದ ಎಂಜಿನ್ನಿನ ಎರಡು ಗಾಲಿಗಳ ನಡುವೆ ಹದಿನಾರೂವರೆ ಮಿಲಿಮೀಟರ್. ಡಬ್ಬಿಯ ಮೇಲೆ ಒಂದಕ್ಕೆ ಎಂಬತ್ತೇಳು ಎಂದು ಬರೆದಿದೆ. ಅದನ್ನೇ ಹಿಡಿದುಕೊಂಡು ಇವರು ಇಡೀ ಸೇತುವೆಯ ನಕ್ಷೆ ಹಾಕಿದ್ದಾರೆ. ಆದರೆ ಆ ಅಳತೆ ಹೊರದೇಶದ ಸಣ್ಣ ಗೇಜಿನದು. ನಮ್ಮ ಬ್ರಾಡ್‌ಗೇಜ್ ಒಂದು ಸಾವಿರದ ಆರುನೂರ ಎಪ್ಪತ್ತಾರು ಮಿಲಿಮೀಟರ್. ನೂರರಿಂದ ಭಾಗಿಸಿದರೆ ಹದಿನಾರು ಮುಕ್ಕಾಲು, ಅಂದರೆ ಗಾಲಿಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಒಂದಕ್ಕೆ ನೂರು ಎಂದು ಹಿಡಿದರೆ ಎಲ್ಲ ಲೆಕ್ಕವೂ ಬಾಯಲ್ಲೇ ಆಗುತ್ತದೆ, ರೈಲೂ ನಮ್ಮ ರೈಲಾಗುತ್ತದೆ. ಇದನ್ನು ಮನಿಷಾಳ ಕಿವಿಯಲ್ಲಿ ಹೇಳಿದೆ. ಅವಳು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದಳು.

ಅಭಿನಂದನ ಕ್ಯಾಲಿಪರ್ ತಂದು ಅಳೆದ. ಮತ್ತೆ ಅಳೆದ. "ನಿನಗ ಹೆಂಗ ಗೊತ್ತು ಈ ಸಾವಿರದ ಆರನೂರ ಎಪ್ಪತ್ತಾರು?" ಅಂದ.

"ನೆಟ್‌ನಲ್ಲಿ ನೋಡಿದೆ."

ಹಾಗೆ ಯಾಕೆ ಅಂದೆನೋ. ನೆಟ್ ಅಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಸಂಜೆ ಉತ್ತಮ ಸರ್ ಬಂದರು. ವಿಭಾಗದಲ್ಲಿ ಪ್ರದರ್ಶನದ ಜವಾಬ್ದಾರಿ ಅವರದು. ಅಭಿನಂದನ ಹೇಳಿದ, "ಸರ್, ನಾವು ಸ್ಕೇಲ್ ಚೇಂಜ್ ಮಾಡೀವ್ರಿ." ನಾವು. ಆ 'ನಾವು' ಒಳಗೆ ನಾನು ಎಲ್ಲಿದ್ದೆ? ಗಿಡದ ಹಿಂದೆ, ಕೈತುಂಬ ಸ್ಪಂಜಿನ ಚೂರು ಮೆತ್ತಿಕೊಂಡು.

ಹೋಗುವಾಗ ಅಂದ, "ಏ ಫಸ್ಟ್ ಇಯರ್, ನಾಳಿಂದ ಸ್ಲೀಪರ್ ಕತ್ತರಸ್ತೀಯೇನ?"

ಕೃಪೆ ಮಾಡಿದ ಹಾಗೆ.

ಶನಿವಾರ, ೨೨ ಫೆಬ್ರವರಿ

ಆರುನೂರ ಹತ್ತು ಸ್ಲೀಪರ್, ಹಳಿಯ ಕೆಳಗಿನ ಅಡ್ಡಪಟ್ಟಿ. ಐಸ್‌ಕ್ರೀಮ್ ಕಡ್ಡಿಗಳನ್ನು ಉದ್ದಕ್ಕೆ ಸೀಳಿ, ಇಪ್ಪತ್ತೇಳೂವರೆ ಮಿಲಿಮೀಟರಿಗೆ ಕತ್ತರಿಸಿ, ಚಹಾದ ಡಿಕಾಕ್ಷನ್‌ನಲ್ಲಿ ನೆನೆಸಿ ಬಣ್ಣ ಬರಿಸಿ, ಒಣಗಿಸಿ, ಆರು ಮಿಲಿಮೀಟರಿಗೆ ಒಂದರಂತೆ ಅಂಟಿಸುವುದು. ಬೆಳಿಗ್ಗೆ ಕ್ಲಾಸಿಗೆ ಮುಂಚೆ ಲ್ಯಾಬ್ ತೆರೆಸಿಕೊಂಡು ಒಂಬತ್ತು ದಿನ ಮಾಡಿದೆ. ಮುಂಜಾನೆ ಅಲ್ಲಿ ಚಳಿ, ಬೆರಳು ಮರಗಟ್ಟುತ್ತಿದ್ದವು.

ಇವತ್ತು ಅಭಿನಂದನ ಬಂದ. ಬಗ್ಗಿ ನೋಡಿದ. ಚಿಮಟದಲ್ಲಿ ಒಂದೊಂದೇ ಕಿತ್ತ. ನಲವತ್ತು. ಒಂದು ಮಾತಿಲ್ಲ. ಎಲ್ಲರ ಮುಂದೆ. ಅರ್ಧ ಮಿಲಿಮೀಟರ್ ಸೊಟ್ಟ ಇದ್ದವಂತೆ. ಅದನ್ನೂ ನಾನು ಕೇಳಿದ ಮೇಲೆ ಹೇಳಿದ್ದು. ಕಿತ್ತ ಕಡ್ಡಿಗಳನ್ನು ನನ್ನ ಅಂಗೈಗೆ ಹಾಕಿ ಹೋದ.

ಸಿಟ್ಟಿಗೆ ಅವ್ವನಿಗೆ ಫೋನ್ ಮಾಡಿದೆ. ಅವ್ವ ರಾಯಬಾಗದಲ್ಲಿ, ರೈಲ್ವೆಯಲ್ಲಿ. ಅವಳು ನಗುತ್ತಾಳೆ. "ನಮ್ಮ ಮೇಟ್‌ನೂ ಹಂಗ ಅದಾನ. ಸೊಟ್ಟ ಕುಂತದ್ದು ಕಂಡ್ರ ಬೈಯೂದಿಲ್ಲ, ಕೀಳಸ್ತಾನ. ಬೈದ್ರ ಹೊತ್ತು ಹೋಗತೈತಿ ಅಂತಾನ."

ಮೇಟ್ ಅಂದರೆ ಅವರ ಕೆಲಸದ ಮೇಲಿನವನು. ಅವ್ವನೂ ಅಭಿನಂದನನ ಪಾರ್ಟಿ.

"ನಿಮ್ಮವ್ವ ರೈಲ್ವೆದಾಗ ಏನ್ ಮಾಡ್ತಾರ?" ಎಂದು ಮನಿಷಾ ಕೇಳಿದಳು. ಆಫೀಸು ಅಂದೆ. ಅದೂ ಒಂದು ಮಾತು, ಹೇಳಿ ಮುಗಿಸಿದೆ. ನಲವತ್ತನ್ನೂ ಮತ್ತೆ ಕತ್ತರಿಸಿದ್ದೇನೆ. ಕೈಗೆ ಬ್ಲೇಡ್ ತಾಗಿದೆ.

ಭಾನುವಾರ, ೨ ಮಾರ್ಚ್

ಹಳಿ ಮುಗಿಯಿತು. ನಾನೇ ಮುಗಿಸಿದೆ.

ಹಿತ್ತಾಳೆಯ ಕಂಬಿ, ಒಂದೊಂದು ತುಂಡು ಮೂರಡಿ. ಒಂದು ಬದಿಗೆ ನಾಲ್ಕು ತುಂಡು, ಮೂರು ಜೋಡಣೆ. ಅಭಿನಂದನ ಕೊಟ್ಟ ಚೀಟಿಯಲ್ಲಿ "ಜೋಡಿಸುವುದು" ಎಂದಷ್ಟೇ ಇತ್ತು. ನಾನು ತುದಿಗಳನ್ನು ಅರದಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿ, ತುದಿಗೆ ತುದಿ ತಾಗಿಸಿ, ಬೆಸುಗೆ ಹಾಕಿ, ಮತ್ತೆ ಉಜ್ಜಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಸೇರಿದೆ ಎಂದು ತಿಳಿಯುವುದಿಲ್ಲ. ಬದಿಗೆ ಖಡಿಯನ್ನೂ, ಅಂದರೆ ಜಲ್ಲಿಯನ್ನೂ, ಹಾಕಿದೆ. ಕ್ರಷರಿನ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಚಮಚದಿಂದ ಸುರಿದು, ಮೇಲೆ ಅಂಟಿನ ನೀರು ಬಿಟ್ಟದ್ದು.

ಎಂಜಿನ್ ಹನ್ನೊಂದು ಕಮಾನುಗಳನ್ನು ದಾಟಿತು. ಖಟ್ ಇಲ್ಲ, ಪಟ್ ಇಲ್ಲ. ಎಣ್ಣೆಯ ಮೇಲೆ ಜಾರಿದ ಹಾಗೆ.

ಅಭಿನಂದನ ಬೆರಳಾಡಿಸಿ ನೋಡಿ, "ಚಂದ ಆಗೈತಿ," ಅಂದ. ಮೂರು ವಾರಕ್ಕೆ ಎರಡು ಶಬ್ದ. ಜಿಪುಣ.

ಬುಧವಾರ, ೫ ಮಾರ್ಚ್

ಅಕ್ಷರ ಸೊಟ್ಟ ಬಂದರೆ ಬರಲಿ.

ನಿನ್ನೆ ಮಾದರಿಯನ್ನು ಲ್ಯಾಬಿನಿಂದ ಹೊರಗಿನ, ತಗಡು ಹೊದಿಸಿದ ಪತ್ರಾಸ್ ಶೆಡ್ಡಿಗೆ ಸಾಗಿಸಿದರು, ಪ್ರದರ್ಶನ ಅಲ್ಲೇ. ಎಂಟು ಜನ ಹೊತ್ತರು, ನಾನು ಮುಂದೆ ದಾರಿ ಬಿಡಿಸುತ್ತ ನಡೆದೆ. ಇವತ್ತು ಬೆಳಿಗ್ಗೆ ನೋಡಿದಾಗ ಹಳಿ ನೆಟ್ಟಗಿತ್ತು. ಮಧ್ಯಾಹ್ನ ಉತ್ತಮ ಸರ್‌ಗೆ ತೋರಿಸಲೆಂದು ರೈಲು ಬಿಟ್ಟರೆ ಏಳನೇ ಕಮಾನಿನ ಮೇಲೆ ಎಂಜಿನ್ ಮಗ್ಗುಲಾಯಿತು. ಹಳಿ ಅಲ್ಲಿ ಹಾವಿನ ಹಾಗೆ ಹೊರಳಿತ್ತು. ಒಂದು ಕಿರುಬೆರಳು ಹಿಡಿಸುವಷ್ಟು ಡೊಂಕು. ಎಂಜಿನ್ ಸೇತುವೆಯ ತಡೆಗೋಡೆಗೆ ಆತುಕೊಂಡು ನಿಂತಿತು, ಇಲ್ಲದಿದ್ದರೆ ಒಂದೂವರೆ ಅಡಿ ಕೆಳಗೆ. ಕಾಲೇಜಿಗೆ ಇರುವುದು ಅದೊಂದೇ ಎಂಜಿನ್.

ಅಭಿನಂದನ ಹಳಿ ನೋಡಿದ, ನನ್ನನ್ನು ನೋಡಿದ. "ಸರ್, ನಿನ್ನಿ ಈಕಿ ಖಡಿಗೆ ಬಣ್ಣಾ ಹಚ್ಚಾಕ ಇದರ ಮ್ಯಾಲ ಮಣಕೈ ಊರಿ ಕುಂತಿದ್ಳು."

ಊರಿರಲಿಲ್ಲ. ಬೇಕಂತಲೇ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು ಬಣ್ಣ ಹಚ್ಚಿದ್ದೆ, ಯಾಕೆಂದರೆ ಹೆದರಿಕೆ. ಹೆದರುವವರು ಮುರಿಯುವುದಿಲ್ಲ ಎನ್ನುವುದು ಇವರಿಗೆ ಯಾಕೆ ತಿಳಿಯುವುದಿಲ್ಲ?

ಉತ್ತಮ ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಗರ ಕೈ ಇರಬೇಕವಾ ಈ ಕೆಲಸಕ್ಕ. ಇನ್ಮ್ಯಾಲ ನೀ ಹಳಿ ಮುಟ್ಟಬ್ಯಾಡ. ಗಿಡಾ ಮಾಡ್ಕೊಂತ ಇರು. ಅದರಾಗ ಮತ್ತೇನರ ಆತಂದ್ರ ಟೀಮಿನ್ಯಾಗೂ ಇರೂದು ಬ್ಯಾಡ," ಅಂದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸರ್ ತಿರುಗಿ ಹೊರಟಿದ್ದರು. ಮನಿಷಾ "ಸರ್, ಅಕಿ ಊರಿಲ್ರಿ, ನಾ ಅಲ್ಲೇ ಇದ್ದೆ," ಅಂದಳು. ಗೆಳತಿಯ ಸಾಕ್ಷಿ ಸಾಕ್ಷಿಯಲ್ಲ.

ನನ್ನ ಹಳಿ. ಅದನ್ನು ಮುಟ್ಟಬಾರದಂತೆ ನಾನು.

ಗುರುವಾರ, ೬ ಮಾರ್ಚ್

ಊರಿಲ್ಲ. ಊರಿಲ್ಲ. ಊರಿಲ್ಲ.

ಭಾನುವಾರ, ೯ ಮಾರ್ಚ್

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನ ಸುಳ್ಳು, ಸರ್ ಹೇಳಿದ್ದು, ಎಲ್ಲ. ಅವಳು ನನ್ನ ಪರವಾಗಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಪ್ರಶ್ನೆ ಕೇಳಿದಳು.

"ಎಷ್ಟೊತ್ತಿಗೆ ಹೊಳ್ಳಿತು?"

"ಮಧ್ಯಾಹ್ನ."

"ಮುಂಜಾನಿ ನೆಟ್ಟಗಿತ್ತೇನ?"

"ಇತ್ತವ್ವಾ, ನಾನೇ ನೋಡೀನಿ."

"ಎಲ್ಲಿ ಇಟ್ಟಾರ?"

"ಪತ್ರಾಸ್ ಶೆಡ್ಡಿನಾಗ."

"ಹಂಗಾರ ಯಾರೂ ಮಣಕೈ ಊರಿಲ್ಲ ಬೇ. ಬಿಸಿಲ ಊರೈತಿ. ಕಾದು ಉದ್ದ ಆದ ಹಳಿಗೆ ಹೋಗಾಕ ಜಾಗಾ ಇಲ್ಲಂದ್ರ ಮಗ್ಗಲಾ ಹೊಳ್ಳತೈತಿ. ಜಾಯಿಂಟಿನ್ಯಾಗ ಎಷ್ಟ ಗ್ಯಾಪ್ ಬಿಟ್ಟೀದಿ?"

ರೇಂಜ್ ಇಲ್ಲ ಅಂದೆ. ಫೋನ್ ಇಟ್ಟೆ.

ಗ್ಯಾಪ್. ಅರದಿಂದ ಉಜ್ಜಿ ಉಜ್ಜಿ ನಾನು ಮುಚ್ಚಿದ್ದು ಅದನ್ನೇ.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಅವ್ವ ಆಫೀಸಿನಲ್ಲಿಲ್ಲ. ಅಪ್ಪ ಸತ್ತ ಮೇಲೆ ಅವನ ಜಾಗದಲ್ಲಿ ಹಳಿ ರಿಪೇರಿಯ ಗ್ಯಾಂಗಿಗೆ ಸೇರಿದಳು, ನಾನಾಗ ಐದನೇ ಕ್ಲಾಸು. ಕಿತ್ತಳೆ ಜಾಕೆಟ್ಟು ಹಾಕಿಕೊಂಡು ಸ್ಲೀಪರಿನ ಕೆಳಗೆ ಖಡಿ ಹೊಡೆಯುತ್ತಾಳೆ, ಸುತ್ತಿಗೆ ಹೆಗಲಿಗಿಟ್ಟು ಹಳಿ ನೋಡುತ್ತ ನಡೆಯುತ್ತಾಳೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಬಿಸಿಲಿನ ಗಸ್ತು ಎಂದೇ ಅವರಿಗೆ ಒಂದು ಡ್ಯೂಟಿ ಇದೆ. ಈ ಡೊಂಕನ್ನು ಹುಡುಕುವುದೇ ಆ ಡ್ಯೂಟಿ. ಅವಳ ಮಗಳು ನಾನು. ಗ್ಯಾಪ್ ಮುಚ್ಚಿ, ಚಂದ ಆಗೈತಿ ಅನ್ನಿಸಿಕೊಂಡವಳು.

ಆದರೂ ಅವನು ಹೇಳಿದ್ದು ಸುಳ್ಳೇ. ತಪ್ಪು ನನ್ನದಾದರೂ ಆರೋಪ ಸುಳ್ಳು. ನಾನು ಸರ್ ಹತ್ತಿರ ಹೋಗಿ "ಮಣಕೈ ಅಲ್ಲ ಸರ್, ಬೆಸುಗೆ" ಅಂದರೆ ಏನಾಗುತ್ತದೆ? ಮಾಡದ ತಪ್ಪು ಹೋಗಿ ಮಾಡಿದ ತಪ್ಪು ಬರುತ್ತದೆ, ಟೀಮಿನಿಂದಲೂ ಹೊರಗೆ. ನಿನಗೆ ಯಾರು ಹೇಳಿದರು ಅಂತಲೂ ಕೇಳುತ್ತಾರೆ. ನೆಟ್ ಅನ್ನಲೇ ಮತ್ತೆ?

ಇಷ್ಟು ಸಿಕ್ಕಿಸಿ ಹಾಕಿದ್ದು ಅವನೇ. ಅದಕ್ಕೇ ಸಿಟ್ಟು.

ಬುಧವಾರ, ೧೨ ಮಾರ್ಚ್

ಅಭಿನಂದನ ಡೊಂಕಾದ ತುಂಡು ತೆಗೆದು ಹೊಸದು ಹಾಕಿದ. ನನ್ನ ಹಾಗೆಯೇ ಬಿಗಿಯಾಗಿ ಬೆಸುಗೆ ಹಾಕಿದ. ನನ್ನಷ್ಟು ಚೆನ್ನಾಗಿ ಅಲ್ಲ. ಮಧ್ಯಾಹ್ನ ಮತ್ತೆ ಡೊಂಕು, ಏಳರಲ್ಲೂ, ನಾಲ್ಕರಲ್ಲೂ. ಈ ಸಲ ಮಣಕೈ ಯಾರದು, ಅಣ್ಣಾ?

ಕೇಳಲಿಲ್ಲ. ಗಿಡ ಮಾಡಿದೆ. ಬೇವು, ಜಾಲಿ, ನಡುವೆ ಕಬ್ಬಿನ ಒಂದು ತುಂಡು ಹೊಲ. ಅವನು ಹಲಗೆಯ ಮುಂದೆ ಸ್ಟೂಲಿನ ಮೇಲೆ ಕೂತು ಹಳಿಯನ್ನೇ ನೋಡುತ್ತಿದ್ದ. ಊಟಕ್ಕೂ ಏಳಲಿಲ್ಲ. ಒಂದು ವಾಕ್ಯ ಹೇಳಿದರೆ ಸಾಕಿತ್ತು. ಎದ್ದೆ. ಕೂತೆ. ಮತ್ತೆ ಎದ್ದೆ, ನೀರು ಕುಡಿದು ಬಂದು ಕೂತೆ.

ಪಾಪ ಅನ್ನಿಸಲಿಲ್ಲ. ಅನ್ನಿಸಲೂಬಾರದು.

ಭಾನುವಾರ, ೧೬ ಮಾರ್ಚ್

ಅವ್ವ ಬಂದಳು. ಹೇಳದೆ ಕೇಳದೆ. ಬೆಳಿಗ್ಗೆ ರಾಯಬಾಗದ ಬಸ್ಸು ಹಿಡಿದು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದಳು. "ರೇಂಜ್ ಇಲ್ಲಂದ್ಯಲ್ಲ, ಅದಕ್ಕ ಬಂದೆ," ಅಂದಳು. ಗಂಟನ್ನು ನನ್ನ ಕೈಗೆ ಕೊಟ್ಟು, "ಎಲ್ಲೈತಿ ನಿನ್ನ ಹಳಿ? ತೋರಸ."

ಶೆಡ್ಡಿನಲ್ಲಿ ಭಾನುವಾರ ಯಾರೂ ಇರುವುದಿಲ್ಲ ಎಂದು ಧೈರ್ಯ ಮಾಡಿ ಕರೆದುಕೊಂಡು ಹೋದೆ. ಅಭಿನಂದನ ಇದ್ದ. ಮನಿಷಾ ಬೆನ್ನಿಗೆ ಬಂದಿದ್ದಳು, ಅವಳನ್ನು ಬಿಟ್ಟು ಬರಲಾಗುತ್ತದೆಯೇ.

"ಇವ್ರು ನೀಲಮನ ಅವ್ವಾರು," ಎಂದು ಮನಿಷಾಳೇ ಪರಿಚಯ ಮಾಡಿಸಿದಳು. "ರೈಲ್ವೆ ಆಫೀಸಿನ್ಯಾಗ ಅದಾರ."

"ಆಫೀಸಾ?" ಅವ್ವ ನನ್ನ ಕಡೆ ನೋಡಲಿಲ್ಲ. ಅದಕ್ಕೇ ಇನ್ನೂ ಉರಿಯಿತು. "ಆಫೀಸಿನ್ಯಾಗ ನನಗೇನ್ ಕೆಲಸ ಬೇ? ನಾ ಗ್ಯಾಂಗಿನ್ಯಾಕಿ. ಖಡಿ ಹೊಡೀತೀನಿ, ಹಳಿ ನೋಡ್ತೀನಿ. ಅಕ್ಕುತಾಯಿ ಅಂತಾರ ನನಗ."

ಅಭಿನಂದನ ಸ್ಟೂಲಿನಿಂದ ಎದ್ದು ನಿಂತ. "ಕುಂದರ್ರಿ ಮಾವಶಿ."

ಅವ್ವ ಕೂರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ತುದಿಗೆ ಹೋಗಿ ಮೊಣಕಾಲೂರಿ, ಕೆನ್ನೆಯನ್ನು ಹಳಿಯ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ಅವರ ಗ್ಯಾಂಗಿನ ಮೇಟ್ ಹೀಗೇ ನೋಡುತ್ತಾನೆ. ತಾನು ಒಂದು ತುದಿಯಲ್ಲಿ ಕೂತು ಕಣ್ಣಿಟ್ಟು, ದೂರದಲ್ಲಿ ಸಬ್ಬಲು ಹಿಡಿದು ನಿಂತವರಿಗೆ ಕೈಯಿಂದಲೇ ಆ ಕಡೆ, ಈ ಕಡೆ, ಸಾಕು ಎಂದು ಹೇಳುವುದು. ಸಣ್ಣವಳಿದ್ದಾಗ ನೋಡಿದ್ದೇನೆ.

"ಏ ಎತ್ತರ ಹುಡುಗಾ, ನೀ ಏಳನೇ ಕಮಾನಿಗೆ ನಿಂದ್ರು. ಕೈಯಾಗ ಏನರ ತಗೋ."

ಅವನು ಸ್ಟೀಲ್ ಸ್ಕೇಲ್ ತೆಗೆದುಕೊಂಡು ನಿಂತ. ಅವ್ವ ಬಲಗೈ ಬೀಸಿದಳು. ಅವನು ತನ್ನ ಬಲಕ್ಕೆ ಒತ್ತಿದ.

"ನಿನ್ನ ಬಲಾ ಅಲ್ಲಪಾ, ರೈಲಿನ ಬಲಾ."

ಮನಿಷಾ ನಕ್ಕಳು. ಅವನು ಈ ಕಡೆಗೆ ಒತ್ತಿದ. ಹಳಿ ಒಂದು ಕೂದಲು ಸರಿದು ಮತ್ತೆ ತನ್ನ ಜಾಗಕ್ಕೇ ಬಂತು. ಅವ್ವ ಎದ್ದಳು. ಉಗುರಿನಿಂದ ಜೋಡಣೆ ಹುಡುಕಿದಳು. ಸಿಗಲಿಲ್ಲ. ಇನ್ನೊಂದು ಹುಡುಕಿದಳು.

"ಹಳಿ ನೆಟ್ಟಗಾಗಾಕ ಒಲ್ಲೆ ಅಂತೈತಿ. ಅದಕ್ಕ ಜಾಗಾನ ಇಲ್ಲ. ಜಾಯಿಂಟ್ ಎಲ್ಲಾ ಮುಚ್ಚಿದವ್ರು ಯಾರು?"

ಅವಳಿಗೆ ಗೊತ್ತಿತ್ತು. ಫೋನಿನಲ್ಲೇ ಗೊತ್ತಾಗಿತ್ತು. ನಮ್ಮವ್ವ ಹೀಗೆ ಎಲ್ಲರ ಮುಂದೆ ಕೇಳಿ ನನ್ನನ್ನು ಸಿಕ್ಕಿಸಬಹುದೇ? ಅವನು ಬಾಯಿ ತೆರೆಯುತ್ತಿದ್ದ, ಏನು ಹೇಳುವವನಿದ್ದನೋ. ಅಷ್ಟರಲ್ಲಿ ನಾನು "ನಾನ," ಅಂದೆ. "ಎಲ್ಲಾ ನಾನ ಮುಚ್ಚೇನಿ. ಚಂದ ಕಾಣಲಿ ಅಂತ. ಮಣಕೈ ಊರಿಲ್ಲ. ಆದ್ರ ಮುಚ್ಚಿದ್ದು ನಾನ. ವಾರದಿಂದ ಗೊತ್ತಿತ್ತು, ಹೇಳಿಲ್ಲ."

ಮೇಲೆ ಪತ್ರಾಸು ಬಿಸಿಲಿಗೆ ಟಣ್ ಎಂದಿತು.

"ವಾರದಿಂದ?" ಅಂದ ಅಭಿನಂದನ. "ನಾ ಎರಡ ಸಲ ಕಿತ್ತು ಹಾಕೀನಲ್ಲ ಮಾರಾಯ್ತಿ." ಆಮೇಲೆ ಹಣೆ ಉಜ್ಜಿಕೊಂಡು ಹೇಳಿದ, "ಮುಚ್ಚಿದ್ದು ನೋಡಿ ಚಂದ ಆಗೈತಿ ಅಂದಾಂವ ನಾನ. ಮೂರು ವರ್ಷ ಸಿವಿಲ್ ಓದೇನಿ. ಕಾದದ್ದು ಹಿಗ್ಗತೈತಿ ಅಂತ ಪರೀಕ್ಷಾದಾಗ ಬರದೇನಿ. ನೀ ಊರಿದ್ದು ನಾ ಖರೇ ನೋಡಿಲ್ಲ. ಮತ್ಯಾರ ಅಂತ ತಿಳೀಲಿಲ್ಲ, ನಿನ್ನ ಹೆಸರು ಹೇಳಿದೆ."

"ಇಬ್ಬರದೂ ಆತಲ್ಲ. ಇನ್ನ ಗರಗಸ ತರ್ರಿ," ಅಂದಳು ಅವ್ವ.

ಬಿಸಿಲು ಏರಿದ ಹೊತ್ತಿಗೇ ಕತ್ತರಿಸಬೇಕಂತೆ, ಆಗ ಬಿಟ್ಟ ಸಂದು ಲೆಕ್ಕಕ್ಕೆ ಬರುತ್ತದೆ. ಆರು ಜೋಡಣೆಗಳನ್ನೂ ಸಣ್ಣ ಗರಗಸದಲ್ಲಿ ನಾನೇ ಕೊಯ್ದೆ. ಮದುವೆಯ ಕರೆಯೋಲೆಯ ದಪ್ಪ ಕಾಗದ ಸಂದಿಯಲ್ಲಿ ಸಲೀಸಾಗಿ ಹೋಗಿ ಬರಬೇಕು, ಅದೇ ಅಳತೆ. ಹಳಿ ತಾನಾಗಿ ಸಡಿಲಾಯಿತು. ಅವ್ವ ಮತ್ತೆ ಕೆನ್ನೆಯಿಟ್ಟಳು. ಅಭಿನಂದನ ಸ್ಕೇಲ್ ಹಿಡಿದು ನಿಂತ. ಕೈ ಆ ಕಡೆ, ಕೈ ಈ ಕಡೆ, ಸಾಕು. ಈ ಸಲ ಅವನು ರೈಲಿನ ಬಲಕ್ಕೇ ಒತ್ತಿದ.

ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಆಫೀಸಿನ ಮಾತು ತೆಗೆಯುತ್ತಾಳೆ ಎಂದು ಕಾದೆ. ತೆಗೆಯಲಿಲ್ಲ. ಬಸ್ಸು ಹತ್ತಿ ಕಿಟಕಿಯಿಂದ "ಹಿಂಡಿ ಲಗೂನ ತಿಂದು ಮುಗಸ್ರಿ," ಅಂದಳು. ಒಂದು ಮಾತು ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಬುಧವಾರ, ೧೯ ಮಾರ್ಚ್

ಹಳಿಯಲ್ಲಿ ಸಂದು ಬಿಟ್ಟರೆ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಪ್ರತಿ ತುಂಡಿಗೂ ಕೆಳಗಿನಿಂದ ಬೇರೆ ಬೇರೆ ತಂತಿ. ಹಲಗೆಯ ಕೆಳಗೆ ಅಂಗಾತ ಮಲಗಿ ಎಂಟು ಬೆಸುಗೆ. ಅಭಿನಂದನ ಟಾರ್ಚ್ ಹಿಡಿದಿದ್ದ, ಓರೆ ಹಿಡಿದಿದ್ದ. ಎರಡು ಸಲ ಹೇಳಿದೆ, ಮೂರನೇ ಸಲ ಟಾರ್ಚ್ ಕಿತ್ತುಕೊಂಡು ಮನಿಷಾಳಿಗೆ ಕೊಟ್ಟೆ.

ಅವನು ಉತ್ತಮ ಸರ್‌ಗೆ ಎಲ್ಲ ಹೇಳಿಬಿಟ್ಟಿದ್ದಾನೆ, ತನ್ನ ಸುಳ್ಳನ್ನೂ ಸೇರಿಸಿ. ಸರ್ ನನಗೆ "ಮೊದಲ ಯಾಕ ಬಾಯಿ ಬಿಡಲಿಲ್ಲ?" ಅಂದರು. ಬಿಟ್ಟಿದ್ದೆ, ನೀವು ಕೇಳಿಸಿಕೊಳ್ಳಲು ನಿಲ್ಲಲಿಲ್ಲ ಅಂದೆ. ಹಳಿಯ ಜವಾಬ್ದಾರಿ ಮತ್ತೆ ನನ್ನದು. ಏನಾದರೂ ಆದರೆ ನೀನೇ ಉತ್ತರ ಕೊಡಬೇಕು ಎಂದೂ ಹೇಳಿದ್ದಾರೆ. ಕೊಡುತ್ತೇನೆ.

ಈಗ ರೈಲು ಓಡುವಾಗ ಖಟ್ ಖಟ್ ಅನ್ನುತ್ತದೆ.

ಮಂಗಳವಾರ, ೨೫ ಮಾರ್ಚ್

ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ. ನನಗೂ ಅವರ ಮೇಲೆ ಸಿಟ್ಟಿದೆ. ಸರಿಹೋಯಿತು.

ಇವತ್ತು ಪ್ರದರ್ಶನದ ಮೊದಲ ದಿನ. ಬೆಳಿಗ್ಗೆ ಎಂಟು ಗಂಟೆಯಿಂದ ಹದಿನಾಲ್ಕು ಸಲ ರೈಲು ಓಡಿಸಿದೆ. ಪ್ರತಿ ಸಲಕ್ಕೂ ಮುಂಚೆ ಆರು ಸಂದುಗಳಲ್ಲಿ ಕಾಗದ ಹಾಕಿ ನೋಡಿದೆ. ಹನ್ನೆರಡರ ಹೊತ್ತಿಗೆ ಶಾಮಿಯಾನಾದವರು ಎರಡು ದೊಡ್ಡ ದೀಪ ತಂದು ಸರಿಯಾಗಿ ಸೇತುವೆಯ ನೆತ್ತಿಗೇ ಕಟ್ಟಿದರು. ಮುಖ್ಯ ಅತಿಥಿಗಳ ಫೋಟೋ ಚೆನ್ನಾಗಿ ಬರಬೇಕಂತೆ. ಹೊರಗೆ ಮೂವತ್ತೊಂಬತ್ತು ಡಿಗ್ರಿ, ಮೇಲೆ ಪತ್ರಾಸು, ಅದರ ಕೆಳಗೆ ಈ ದೀಪ. ಬೇಡ ಅಂದೆ. "ಸರ್ ಹೇಳ್ಯಾರವಾ," ಅಂದರು.

ಹನ್ನೆರಡೂ ಮೂವತ್ತೆಂಟಕ್ಕೆ ಅತಿಥಿಗಳು ಬಂದರು. ನಿವೃತ್ತ ದೊಡ್ಡ ಎಂಜಿನಿಯರ್, ಕೊರಳಲ್ಲಿ ಹಾರ, ಹಿಂದೆ ಪ್ರಿನ್ಸಿಪಾಲರು, ಉತ್ತಮ ಸರ್, ಕ್ಯಾಮೆರಾ. ಅಭಿನಂದನ ಸ್ವಿಚ್ಚಿನ ಹತ್ತಿರ. ನಾನು ಕಾಗದ ಹಾಕಿದೆ. ಐದರಲ್ಲಿ ಹೋಯಿತು. ಏಳನೇ ಕಮಾನಿನ ಮೇಲಿನದರಲ್ಲಿ ಹೋಗಲಿಲ್ಲ. ಬಗ್ಗಿ ಕೆನ್ನೆಯಿಟ್ಟು ನೋಡಿದೆ. ಒಂದು ಕೂದಲು. ಅಷ್ಟೇ ಸರಿದಿತ್ತು, ಆದರೆ ಸರಿದಿತ್ತು.

ಆಗಲೇ ಅವನು ರೈಲು ಬಿಟ್ಟಾಗಿತ್ತು. ಎಂಜಿನ್ ಎರಡನೇ ಕಮಾನು ದಾಟುತ್ತಿತ್ತು. ಎದ್ದು ಎರಡೂ ಕೈ ಮೇಲೆತ್ತಿದೆ. ಅಭಿನಂದನ ನನ್ನ ಮುಖ ನೋಡಿದ, ಸ್ವಿಚ್ ಆರಿಸಿದ. ಯಾಕೆ ಎಂದು ಕೇಳಲಿಲ್ಲ. ಎಂಜಿನ್ ನಾಲ್ಕನೇ ಕಮಾನಿನ ಮೇಲೆ ನಿಂತಿತು.

"ಏನಾತು?" ಎಂದರು ಉತ್ತಮ ಸರ್.

"ಏಳರ ಮ್ಯಾಲ ಹಳಿ ಸರದೈತ್ರಿ. ಬಿಟ್ರ ಎಂಜಿನ್ ಕೆಳಗ ಬೀಳತೈತಿ. ಈ ಎರಡು ದೀಪ ಆರಿಸಿ ಇಪ್ಪತ್ತು ನಿಮಿಷ ಕೊಡ್ರಿ, ಹಸಿ ಬಟ್ಟಿ ಹಾಕಿ ಆರಸ್ತೀನಿ."

"ಇಪ್ಪತ್ತು ನಿಮಿಷ? ಅತಿಥಿಗಳು ನಿಂತಾರ. ಒಂದ ಸಲ ಮೆತ್ತಗ ದಾಟಿಸಿಬಿಡು."

"ಆಗೂದಿಲ್ರಿ."

ಅತಿಥಿಗಳು ನಕ್ಕರು. "ಆಟದ ರೈಲಿಗೆ ಭಾಳ ಬಂದೋಬಸ್ತ್ ಮಾಡೀರಿ. ಯಾರನ್ನ ಕೇಳಿ ನಿಲ್ಲಿಸಿದೆವಾ ನೀನು?"

"ಹಳಿ ನೋಡವ್ರು ಯಾರನ್ನೂ ಕೇಳೂದು ಬೇಕಾಗಿಲ್ರಿ. ನಮ್ಮವ್ವ ರಾಯಬಾಗದ ಗ್ಯಾಂಗಿನ್ಯಾಗ ಅದಾಳ. ಹಳಿ ಕೆಟ್ಟದ್ದು ಕಂಡ್ರ ಎಂಥಾ ಎಕ್ಸ್‌ಪ್ರೆಸ್ ಇದ್ರೂ ಕೆಂಪು ತೋರಿಸಿ ನಿಂದ್ರಸ್ತಾಳ."

ಅವರ ನಗು ಅರ್ಧಕ್ಕೆ ನಿಂತಿತು. ಏನೋ ಹೇಳುವವರಿದ್ದರು. ಪ್ರಿನ್ಸಿಪಾಲರು "ಊಟಾ ತಯಾರೈತ್ರಿ ಸರ್," ಎಂದು ಕರೆದುಕೊಂಡು ಹೋದರು. ಕ್ಯಾಮೆರಾ ನಿಂತ ರೈಲಿನ ಫೋಟೋ ತೆಗೆದುಕೊಂಡು ಹೋಯಿತು. ಹೋಗುತ್ತ ಉತ್ತಮ ಸರ್ "ನಾಳೆ ಬರವಣಿಗಿನ್ಯಾಗ ವಿವರಣೆ ಬೇಕು. ನೀ ಈ ತಂಡದಾಗ ಇರಬೇಕೋ ಬ್ಯಾಡೋ ಅನ್ನೋದು ಅದನ್ನ ಓದಿ ಹೇಳ್ತೀನಿ," ಅಂದರು.

ಮನಿಷಾ ದೀಪ ಆರಿಸಿದಳು. ಅಭಿನಂದನ ಹಸಿ ಬಟ್ಟೆ ಹಿಂಡಿ ಹಿಂಡಿ ಕೊಟ್ಟ. ಒಂದೂ ಐದಕ್ಕೆ ಕಾಗದ ಹೋಯಿತು. ರೈಲು ಬಿಟ್ಟೆವು. ನೋಡಲು ಇದ್ದವರು ನಾವು ಮೂವರು ಮತ್ತು ತಟ್ಟೆ ಎತ್ತಲು ಬಂದ ಮೆಸ್ಸಿನ ತಾರಾಬಾಯಿ. "ಬೀಳಲಿಲ್ಲಲ್ಲ," ಅಂದಳು ತಾರಾಬಾಯಿ.

ಬೀಳಲಿಲ್ಲ.

ಮಧ್ಯಾಹ್ನ ಎರಡು ಸಲ ಊಟ ಬಡಿಸಿಕೊಂಡೆ.

ಬುಧವಾರ, ೨೬ ಮಾರ್ಚ್

ಬೆಳಿಗ್ಗೆ ವಿವರಣೆ ಬರೆಯಲು ಕ್ಯಾಂಟೀನಿನಲ್ಲಿ ಕೂತೆ. ಒಂದು ಪುಟ ಆಯಿತು. ಅತಿಥಿಗಳಿಗೆ ಆದ ತೊಂದರೆಗೆ ವಿಷಾದ, ನನ್ನ ಅನುಭವದ ಕೊರತೆ, ದಯವಿಟ್ಟು. ಎರಡನೇ ಪುಟದಲ್ಲಿದ್ದಾಗ ಅವ್ವನ ಫೋನ್ ಬಂತು, ಡ್ಯೂಟಿಯ ನಡುವೆ ಐದು ನಿಮಿಷ ಬಿಡುವಂತೆ. ನಡೆದದ್ದೆಲ್ಲ ಹೇಳಿದೆ. ಬರೆದದ್ದನ್ನೂ ಓದಿದೆ.

"ಕ್ಷಮಾ ಯಾಕ ಕೇಳೀದಿ?" ಅಂದಳು.

"ಎಲ್ಲಾರೂ ನಿಂತಿದ್ರವ್ವಾ. ದೊಡ್ಡವ್ರು."

"ರೈಲಿನ್ಯಾಗ ಸಾವಿರ ಮಂದಿ ಕುಂತಿರ್ತಾರ, ನಿಂದ್ರಿಸಿದ ಮ್ಯಾಲ ಅವರೂ ಬೈತಾರ. ನಾವು ಕ್ಷಮಾ ಬರಿಯೂದಿಲ್ಲ. ಎಷ್ಟೊತ್ತಿಗೆ ನಿಂದ್ರಿಸಿದೆ, ಎಲ್ಲಿ, ಏನ್ ಕಂಡಿತು, ಏನ್ ಮಾಡಿದೆ, ಎಷ್ಟೊತ್ತಿಗೆ ಬಿಟ್ಟೆ. ಅಷ್ಟ ಬರೀತೀವಿ. ಇಡ್ತೀನಿ, ಗಾಡಿ ಬರೂ ಹೊತ್ತಾತು."

ಶಾಬ್ಬಾಸ್ ಅನ್ನಲಿಲ್ಲ. ಒಂದು ಶಬ್ದ. ಅದನ್ನೂ ಅನ್ನಲಿಲ್ಲ.

ಎರಡೂ ಪುಟ ಹರಿದೆ. ಹೊಸ ಹಾಳೆ ತೆಗೆದುಕೊಂಡೆ. ಕೊಟ್ಟದ್ದರ ನಕಲು ಇದು:

"೨೫-೩-೨೦೨೫ ರಂದು ಮಧ್ಯಾಹ್ನ ೧೨:೪೦ಕ್ಕೆ ಏಳನೇ ಕಮಾನಿನ ಮೇಲೆ ಸಂದು ಮುಚ್ಚಿ ಹಳಿ ಸರಿದದ್ದು ಕಂಡಿತು. ರೈಲನ್ನು ನಾಲ್ಕನೇ ಕಮಾನಿನ ಮೇಲೆ ನಿಲ್ಲಿಸಿದೆ. ಕಾರಣ: ಸೇತುವೆಯ ಮೇಲೆ ಕಟ್ಟಿದ ಎರಡು ದೀಪ. ದೀಪ ಆರಿಸಿ, ಹಸಿ ಬಟ್ಟೆಯಿಂದ ಹಳಿ ತಣಿಸಿ, ೧:೦೫ಕ್ಕೆ ರೈಲು ಬಿಟ್ಟೆ. ತಡೆದದ್ದು ೨೫ ನಿಮಿಷ. ಹಾನಿ ಇಲ್ಲ. ನೀಲಮ, ಹಳಿ ವಿಭಾಗ."

ಉತ್ತಮ ಸರ್ ಓದಿದರು. ಹಾಳೆ ತಿರುವಿ ಹಿಂಬದಿ ನೋಡಿದರು. ಖಾಲಿ ಇತ್ತು.

"ಇಷ್ಟೇನಾ?"

"ಇಷ್ಟೇ ರೀ."

ಅವರು ಇನ್ನೊಮ್ಮೆ ಓದಿ ಹಾಳೆಯನ್ನು ಫೈಲಿಗೆ ಹಾಕಿಕೊಂಡರು. ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ಹತ್ತೂವರೆಗೆ ರೈಲು ನೋಡಲು ಶಾಲೆಯ ಮಕ್ಕಳು ಬರುವವರಿದ್ದರು. ಆರು ಸಂದು ನೋಡುವುದು ಬಾಕಿ ಇತ್ತು, ಆದ್ದರಿಂದ ಕೇಳುತ್ತ ನಿಲ್ಲದೆ ಬಂದುಬಿಟ್ಟೆ.